ಲೆಕ್ಕದ ಟೀಚರ್‌ಗೆ ಒಂದು ಪತ್ರ: ಮಳೆ, ಕರೆಂಟು, ಕವಡೆ

ಹೋದ ಸಂಚಿಕೆಯಲ್ಲಿ ನಾಣ್ಯ ಹಾರಿಸುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ಸಲ ಬಂದ ಪತ್ರಗಳೆಲ್ಲ ಸಂಭವನೀಯತೆಯ ಬಗ್ಗೆಯೇ. ಬಡ್ಡಿ ಲೆಕ್ಕ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಿ.

*

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎರಡು ನಾಣ್ಯ ಹಾರಿಸಿದರೆ ಎರಡೂ ಹೆಡ್ ಬೀಳುವ ಸಂಭವನೀಯತೆ ಎಷ್ಟು ಅಂದರೆ ಅರ್ಧ ತರಗತಿ 1/2 ಮತ್ತು 1/2 ಕೂಡಿಸಿಬಿಡುತ್ತದೆ. ಗುಣಿಸಬೇಕು ಅಂತ ಹೇಳಿಕೊಟ್ಟರೆ ಆಮೇಲೆ ಕಂಡದ್ದಕ್ಕೆಲ್ಲ ಗುಣಿಸುತ್ತಾರೆ. ಯಾಕೆ ಗುಣಿಸಬೇಕು ಅಂತ ಹೇಗೆ ಹೇಳಲಿ ಟೀಚರ್?
— ಶಿಕ್ಷಕಿ, ಶಿಕಾರಿಪುರ

ಹೇಳೋಕೆ ಹೋಗಬೇಡಿ ತಾಯಿ. ಮಕ್ಕಳನ್ನು ಎದ್ದು ನಿಲ್ಲಿಸಿ.

ನಾನು ಮಾಡುತ್ತಿದ್ದದ್ದು ಇದು. ತರಗತಿಯಲ್ಲಿ 48 ಮಕ್ಕಳು. ಎಲ್ಲರ ಕೈಗೂ ಒಂದೊಂದು ರೂಪಾಯಿ. (ವಾಪಸ್ ಬರುವಾಗ 45 ಆಗಿರುತ್ತಿತ್ತು, ಅದು ಬೇರೆ ಲೆಕ್ಕ.) ಎಲ್ಲರೂ ಹಾರಿಸಿ. ಟೇಲ್ ಬಿದ್ದವರು ಕೂತುಕೊಳ್ಳಿ. ಈಗ ಎಷ್ಟು ಜನ ನಿಂತಿದ್ದಾರೆ? ಸರಿಯಾಗಿ 24 ಆಗುವುದಿಲ್ಲ. 22 ಇರಬಹುದು, 27 ಇರಬಹುದು. ಆದರೆ ಹತ್ತಿರ ಹತ್ತಿರ ಅರ್ಧ. ನಿಂತವರು ಮಾತ್ರ ಇನ್ನೊಂದು ಸಲ ಹಾರಿಸಿ. ಮತ್ತೆ ಟೇಲ್ ಬಿದ್ದವರು ಕೂತುಕೊಳ್ಳಿ. ಈಗ ನಿಂತಿರುವವರು ಹನ್ನೆರಡರ ಆಸುಪಾಸು.

ಆಗ ಕೇಳಿ: ಎರಡು ಸಲವೂ ಹೆಡ್ ಬಿದ್ದವರು ತರಗತಿಯಲ್ಲಿ ಎಷ್ಟು ಪಾಲು? ಕಾಲು ಭಾಗ. ಯಾಕೆ? ಅರ್ಧ ಜನ ಉಳಿದರು, ಆ ಅರ್ಧದಲ್ಲಿ ಮತ್ತೆ ಅರ್ಧ ಉಳಿದರು. ಅರ್ಧದಲ್ಲಿ ಅರ್ಧ. ಗುಣಾಕಾರ ಅಂದರೆ ಇಷ್ಟೇ. ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೊದಲೇ ಅದು ತರಗತಿಯಲ್ಲಿ ನಿಂತಿರುತ್ತದೆ.

ಕೂಡಿಸುವ ಮಕ್ಕಳನ್ನು ತಡೆಯಬೇಡಿ. ‘ಸರಿ, ಎರಡು ನಾಣ್ಯಕ್ಕೆ ಅರ್ಧ ಅರ್ಧ ಸೇರಿ ಒಂದು. ಅಂದ್ರೆ ಯಾವಾಗ ಹಾರಿಸಿದ್ರೂ ಎರಡೂ ಹೆಡ್ಡೇ ಬೀಳಬೇಕು. ಹಾರಿಸು ನೋಡೋಣ’ ಅನ್ನಿ. ಮೂರು ನಾಣ್ಯಕ್ಕೆ ಒಂದೂವರೆ ಬರುತ್ತದೆ. ಆಗ ಅವರೇ ನಗುತ್ತಾರೆ.

ನಮ್ಮ ಹಳೇ ಕನ್ನಡ ಲೆಕ್ಕದಲ್ಲಿ ಇದಕ್ಕೆ ಎಷ್ಟು ಚೆಂದದ ಹೆಸರುಗಳಿವೆ ನೋಡಿ. ಅರ್ಧದ ಅರ್ಧ ಕಾಲು. ಕಾಲಿನ ಅರ್ಧ ಅರೆಕಾಲು. ಅರೆಕಾಲಿನ ಅರ್ಧ ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು. ಎರಡು ನಾಣ್ಯವೂ ಹೆಡ್ ಅಂದರೆ ಕಾಲು, ಮೂರೂ ಹೆಡ್ ಅಂದರೆ ಅರೆಕಾಲು, ನಾಲ್ಕೂ ಹೆಡ್ ಅಂದರೆ ವೀಸ. ನಮ್ಮಜ್ಜಿಗೆ ಇದು ಬಾಯಿಪಾಠ ಇತ್ತು. ಅವರು ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ.

ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಇಬ್ಬರೋ ಮೂವರೋ ನಿಂತಿರುತ್ತಾರೆ. ತರಗತಿಗೆಲ್ಲ ಅವರೇ ಹೀರೋಗಳು. ‘ಇವನ ಕೈಗುಣ ಟೀಚರ್’ ಅನ್ನುತ್ತಾರೆ. ಇದೇ ಸಮಯ. ‘ಇವನಿಗೆ ಮುಂದಿನ ಸಲವೂ ಹೆಡ್ ಬೀಳೋದು ಎಷ್ಟು?’ ಅಂತ ಕೇಳಿ. ಒಂದಿಷ್ಟು ಮಕ್ಕಳು ‘ಬಿದ್ದೇ ಬೀಳುತ್ತೆ’ ಅನ್ನುತ್ತಾರೆ. ಇನ್ನಷ್ಟು ಮಕ್ಕಳು ‘ಸಾಕಷ್ಟು ಹೆಡ್ ಆಯ್ತು, ಇನ್ನು ಟೇಲೇ’ ಅನ್ನುತ್ತಾರೆ. ಇಬ್ಬರಿಗೂ ಒಂದೇ ಉತ್ತರ. ನಾಣ್ಯಕ್ಕೆ ಹಿಂದಿನದು ನೆನಪಿಲ್ಲ. ಮತ್ತೆ ಅರ್ಧವೇ. ಸ್ವತಂತ್ರ ಘಟನೆ ಅನ್ನುವ ದೊಡ್ಡ ಮಾತಿನ ಅರ್ಥ ಇದು: ಮೊದಲನೆಯದು ಏನಾಯಿತು ಅಂತ ಗೊತ್ತಾದರೂ ಎರಡನೆಯದರ ಲೆಕ್ಕ ಬದಲಾಗುವುದಿಲ್ಲ.

ಈಗ ನಿಮ್ಮ ಇನ್ನೊಂದು ದೂರಿಗೆ ಬರುತ್ತೇನೆ, ಕಂಡದ್ದಕ್ಕೆಲ್ಲ ಗುಣಿಸುತ್ತಾರೆ ಅನ್ನುವುದಕ್ಕೆ. ಇದರಲ್ಲಿ ತಪ್ಪು ಮಕ್ಕಳದಲ್ಲ, ನಮ್ಮದು. ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸುತ್ತಿದ್ದೆ: ‘ಮತ್ತು ಅಂದರೆ ಗುಣಿಸು, ಅಥವಾ ಅಂದರೆ ಕೂಡಿಸು’. ಮಕ್ಕಳು ಪದ್ಯದ ಹಾಗೆ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ನಂಬರೂ ಬರುತ್ತಿತ್ತು. ಒಂದು ಜುಲೈ ತಿಂಗಳಲ್ಲಿ ನಾನೇ ಒಂದು ಲೆಕ್ಕ ಕಟ್ಟಿಕೊಟ್ಟೆ. ‘ಈ ಸಂಜೆ ಜೋರು ಮಳೆ ಬರುವ ಸಂಭವನೀಯತೆ 1/2. ಕರೆಂಟು ಹೋಗುವ ಸಂಭವನೀಯತೆ 1/2. ಎರಡೂ ಆಗುವ ಸಂಭವನೀಯತೆ ಎಷ್ಟು?’

ಎಲ್ಲರೂ 1/4 ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಪೆನ್ನು ಕೆಳಗಿಟ್ಟು ಕೂತಿದ್ದ. ಹೊಳೆ ದಾಟಿ ಬರುತ್ತಿದ್ದ ಹುಡುಗ, ಮಾತು ಕಡಿಮೆ. ಯಾಕೋ ಬರೀಲಿಲ್ಲ ಅಂದೆ. ‘ಟೀಚರ್, ನಮ್ಮೂರಲ್ಲಿ ಮಳೆ ಬಂದ್ರೆ ಕರೆಂಟು ಹೋಗೇ ಹೋಗುತ್ತೆ. ಮಳೆ ಇಲ್ದಿದ್ರೆ ಯಾಕೆ ಹೋಗುತ್ತೆ? ಎರಡೂ ಆಗೋದು ಅರ್ಧವೇ ಅಲ್ವಾ?’ ಅಂದ.

ನಾನು ಮಲೆನಾಡಿನಲ್ಲೇ ಹುಟ್ಟಿ ಬೆಳೆದವಳು. ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು, ರಾತ್ರಿಯಿಡೀ ಚಿಮಣಿ ದೀಪದಲ್ಲಿ ಓದಿದವಳು. ನನಗೆ ಹೊಳೆಯದ್ದು ಆ ಹುಡುಗನಿಗೆ ಹೊಳೆಯಿತು. ಮಳೆಯೂ ಕರೆಂಟೂ ಸ್ವತಂತ್ರ ಅಲ್ಲ. ಒಂದರ ಸುದ್ದಿ ಗೊತ್ತಾದರೆ ಇನ್ನೊಂದರ ಲೆಕ್ಕ ಬದಲಾಗುತ್ತದೆ. ಅವನ ಊರಿನ ಮಟ್ಟಿಗೆ ಉತ್ತರ 1/2. ಮಧ್ಯಾಹ್ನವೇ ಬೋರ್ಡಿನ ಮೇಲಿನ ಪದ್ಯ ಒರೆಸಿದೆ.

ಆಮೇಲಿಂದ ನನ್ನ ತರಗತಿಯಲ್ಲಿ ಗುಣಿಸುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕಿತ್ತು. ‘ಇದರ ಸುದ್ದಿ ಅದಕ್ಕೆ ಮುಟ್ಟುತ್ತಾ?’ ಮುಟ್ಟುವುದಿಲ್ಲ ಅಂದರೆ ನೇರವಾಗಿ ಗುಣಿಸು. ಮುಟ್ಟುತ್ತೆ ಅಂದರೆ, ಮೊದಲನೆಯದು ಆದ ಮೇಲೆ ಎರಡನೆಯದು ಎಷ್ಟು ಅಂತ ಹೊಸದಾಗಿ ಲೆಕ್ಕ ಹಾಕು, ಆಮೇಲೆ ಗುಣಿಸು. ಆ ಹುಡುಗನ ಲೆಕ್ಕದಲ್ಲೂ ಗುಣಾಕಾರ ಇದೆ ನೋಡಿ. ಮಳೆ ಅರ್ಧ. ಮಳೆ ಬಂದ ಮೇಲೆ ಕರೆಂಟು ಹೋಗುವುದು ಪೂರ್ತಿ ಒಂದು. ಅರ್ಧ ಗುಣಿಸು ಒಂದು ಅಂದರೆ ಅರ್ಧ.

ಇದನ್ನು ತೋರಿಸೋಕೆ ಪೆಪ್ಪರ್‌ಮಿಂಟಿಗಿಂತ ಒಳ್ಳೆಯ ಉಪಕರಣ ಇಲ್ಲ. ಡಬ್ಬಿಯಲ್ಲಿ ಐದು ಪೆಪ್ಪರ್‌ಮಿಂಟು. ಎರಡು ಕಿತ್ತಳೆ ಬಣ್ಣ, ಮೂರು ಹಸಿರು. ಕಣ್ಣು ಮುಚ್ಚಿ ಒಂದು ತೆಗೆ, ನೋಡು, ವಾಪಸ್ ಹಾಕು, ಅಲ್ಲಾಡಿಸಿ ಇನ್ನೊಂದು ತೆಗೆ. ಎರಡೂ ಕಿತ್ತಳೆ ಬರುವುದು 2/5 ಗುಣಿಸು 2/5, ಅಂದರೆ 4/25. ಈಗ ಮೊದಲನೆಯದನ್ನು ವಾಪಸ್ ಹಾಕಬೇಡ, ತಿಂದುಬಿಡು. ಡಬ್ಬಿಯಲ್ಲಿ ನಾಲ್ಕೇ ಉಳಿದವು, ಅದರಲ್ಲಿ ಕಿತ್ತಳೆ ಒಂದೇ. 2/5 ಗುಣಿಸು 1/4, ಅಂದರೆ 1/10. ತಿಂದರೆ ಸ್ವತಂತ್ರ ಅಲ್ಲ, ವಾಪಸ್ ಹಾಕಿದರೆ ಸ್ವತಂತ್ರ. ಈ ಪಾಠಕ್ಕೆ ಮಾತ್ರ ಯಾವ ಮಗುವೂ ರಜ ಹಾಕಿದ್ದು ನೆನಪಿಲ್ಲ.

ಒಂದು ಸಮಾಧಾನದ ಮಾತು. ನಾಣ್ಯದ ಲೆಕ್ಕದಲ್ಲಿ ಎಡವಿದವರು ನಿಮ್ಮ ಮಕ್ಕಳು ಮಾತ್ರ ಅಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ಎರಡು ಸಲ ಹಾರಿಸಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವನೀಯತೆ 2/3 ಅಂದ. ಮೊದಲೇ ಹೆಡ್ ಬಿದ್ದರೆ ಆಟ ಮುಗೀತು, ಹಾಗಾಗಿ ಹೆಡ್, ಟೇಲ್-ಹೆಡ್, ಟೇಲ್-ಟೇಲ್ ಅಂತ ಮೂರೇ ದಾರಿ ಅಂತ ಅವನ ವಾದ. ಮೂರು ದಾರಿ ಇರುವುದು ಸರಿ, ಮೂರೂ ಒಂದೇ ಅಗಲದ ದಾರಿ ಅಲ್ಲ. ಮೊದಲನೆಯದು ಅರ್ಧ, ಉಳಿದೆರಡು ಕಾಲು ಕಾಲು. ಸರಿಯುತ್ತರ ಮುಕ್ಕಾಲು. ನಿಮ್ಮ ಮಕ್ಕಳನ್ನು ಎದ್ದು ನಿಲ್ಲಿಸಿ, ಈ ಸಲ ಹೆಡ್ ಬಿದ್ದವರನ್ನು ಕೂರಿಸಿದರೆ ಅವರಿಗೂ ಇದು ಕಾಣುತ್ತದೆ: ಎರಡು ಸುತ್ತಿನಲ್ಲೂ ಟೇಲ್ ಬೀಳುವವರು ಕಾಲು ಭಾಗ ಮಾತ್ರ.

*

ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಪರಸ್ಪರ ವರ್ಜಕ ಘಟನೆಗಳು, ಸ್ವತಂತ್ರ ಘಟನೆಗಳು ಎರಡೂ ಒಂದೇ ಅಲ್ವಾ? ಎರಡರಲ್ಲೂ ಒಂದಕ್ಕೊಂದು ಸಂಬಂಧ ಇಲ್ಲ ತಾನೇ?
— ವಿದ್ಯಾರ್ಥಿನಿ, ದಾವಣಗೆರೆ

ಅಲ್ಲಮ್ಮ, ಪೂರ್ತಿ ಉಲ್ಟಾ. ಪರಸ್ಪರ ವರ್ಜಕ ಅಂದರೆ ಎರಡೂ ಒಟ್ಟಿಗೆ ಆಗಲಾರದ ಘಟನೆಗಳು. ಒಂದು ದಾಳ ಹಾಕಿದೆ, ನಿನಗೆ ತೋರಿಸಲಿಲ್ಲ. ‘ಸಮಸಂಖ್ಯೆ ಬಿದ್ದಿದೆ’ ಅಂತಷ್ಟೇ ಹೇಳಿದೆ. ಬೆಸಸಂಖ್ಯೆ ಬಿದ್ದಿರುವ ಸಾಧ್ಯತೆ ಈಗ ಎಷ್ಟು? ಸೊನ್ನೆ. ಒಂದರ ಸುದ್ದಿ ಇನ್ನೊಂದನ್ನು ಕೊಂದೇ ಹಾಕಿತು. ಇದಕ್ಕಿಂತ ಗಟ್ಟಿ ಸಂಬಂಧ ಬೇಕಾ? ಪರಸ್ಪರ ವರ್ಜಕ ಅಂದರೆ ಇಬ್ಬರೂ ಒಂದೇ ಕುರ್ಚಿಗೆ ಜಗಳ ಆಡುವವರು. ಸ್ವತಂತ್ರ ಅಂದರೆ ಒಬ್ಬರು ಇನ್ನೊಬ್ಬರ ಗೊಡವೆಗೇ ಹೋಗದವರು.

ಒಂದೇ ದಾಳದಲ್ಲಿ ಸ್ವತಂತ್ರ ಘಟನೆಗಳೂ ಇರುತ್ತವೆ. ನಿನ್ನ ಪಠ್ಯಪುಸ್ತಕದಲ್ಲೇ ಇದೆ, ತೆಗೆದು ನೋಡು. ಸಮಸಂಖ್ಯೆ ಬೀಳುವುದು, 3ರ ಗುಣಕ ಬೀಳುವುದು. ಏನೂ ಗೊತ್ತಿಲ್ಲದಾಗ 3ರ ಗುಣಕ ಬೀಳುವುದು ಆರರಲ್ಲಿ ಎರಡು, ಅಂದರೆ 1/3. ಸಮಸಂಖ್ಯೆ ಅಂತ ಗೊತ್ತಾದ ಮೇಲೆ ಉಳಿದದ್ದು 2, 4, 6. ಅದರಲ್ಲಿ 3ರ ಗುಣಕ 6 ಒಂದೇ. ಮತ್ತೆ 1/3! ಸುದ್ದಿ ಬಂದರೂ ಲೆಕ್ಕ ಕದಲಲಿಲ್ಲ.

ಇದರಲ್ಲಿ ನನಗೆ ಇಷ್ಟವಾದ ಒಂದು ತಮಾಷೆ ಇದೆ. ‘ಸಮಸಂಖ್ಯೆ’ ಮತ್ತು ‘4 ಅಥವಾ ಅದಕ್ಕಿಂತ ಕಡಿಮೆ’ ಇವೆರಡೂ ಸ್ವತಂತ್ರ. ‘ಸಮಸಂಖ್ಯೆ’ ಮತ್ತು ‘3 ಅಥವಾ ಅದಕ್ಕಿಂತ ಕಡಿಮೆ’ ಸ್ವತಂತ್ರ ಅಲ್ಲ. ಕಣ್ಣಂದಾಜಿನಲ್ಲಿ ಹೇಳೋಕೆ ಆಗಲ್ಲ. ಕೂತು ಮಾಡಿ ನೋಡು, ಐದು ನಿಮಿಷದ ಕೆಲಸ.

*

2025ರ ಚಾಂಪಿಯನ್ಸ್ ಟ್ರೋಫಿ ಫೈನಲ್ ದಿನ, ‘ಈ ಸಲ ಟಾಸ್ ನಮ್ಮದೇ, ಇಷ್ಟು ಸಲ ಸೋತ ಮೇಲೆ ಗೆಲ್ಲಲೇಬೇಕು’ ಅಂತ ಮೊಮ್ಮಗನ ಹತ್ತಿರ ನೂರು ರೂಪಾಯಿ ಪಂಥ ಕಟ್ಟಿ ಸೋತೆ. ನನ್ನ ತರ್ಕದಲ್ಲಿ ತಪ್ಪೇನಿತ್ತು?
— ನಿವೃತ್ತ ಬ್ಯಾಂಕ್ ನೌಕರ, ಹಾಸನ

ಪಂಥ ಕಟ್ಟಿದ್ದು ತಪ್ಪಲ್ಲ ಸರ್, ‘ಲೇಬೇಕು’ ಅಂದಿದ್ದು ತಪ್ಪು. 2023ರ ವಿಶ್ವಕಪ್ ಫೈನಲ್‌ನಿಂದ ಶುರುವಾಗಿ ದುಬೈನ ಆ ಫೈನಲ್‌ವರೆಗೆ ಏಕದಿನ ಪಂದ್ಯಗಳಲ್ಲಿ ಭಾರತ ಸತತ 15 ಟಾಸ್ ಸೋತಿತ್ತು. 15 ಸಲ ಅರ್ಧವನ್ನು ಗುಣಿಸಿದರೆ 32,768ರಲ್ಲಿ ಒಂದು. ಅಪರೂಪವೇ, ಒಪ್ಪುತ್ತೇನೆ. ಆದರೆ ಆ ಲೆಕ್ಕ ಮೊದಲ ಟಾಸಿಗೆ ಮುಂಚೆ ಕೂತು ಹಾಕುವ ಲೆಕ್ಕ. 14 ಸೋತು ಆದಮೇಲೆ ಆ 14 ಮುಗಿದ ಕತೆ. ಬಾಕಿ ಇದ್ದದ್ದು ಒಂದೇ ಟಾಸ್, ಅದು ಅರ್ಧವೇ. ನಾಣ್ಯದ ಹತ್ತಿರ ನಿಮ್ಮ ಬ್ಯಾಂಕಿನ ಪಾಸ್‌ಬುಕ್ ಇರುವುದಿಲ್ಲ, ಹಳೇ ಬಾಕಿ ನೋಡಿ ತೀರಿಸೋಕೆ.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ, ಕೆಂಪು-ಕಪ್ಪು ಮನೆಗಳ ಚಕ್ರ ತಿರುಗಿಸಿ ಚೆಂಡು ಬಿಡುವ ರೂಲೆಟ್ ಆಟದಲ್ಲಿ, ಚೆಂಡು ಸತತ 26 ಸಲ ಕಪ್ಪಿನ ಮೇಲೇ ನಿಂತಿತ್ತು. ‘ಇನ್ನು ಕೆಂಪೇ’ ಅಂತ ಕಟ್ಟುತ್ತಾ ಹೋದವರು ಕಳೆದುಕೊಂಡ ದುಡ್ಡಿಗೆ ಲೆಕ್ಕ ಇಲ್ಲ. ನಿಮ್ಮದು ನೂರು ರೂಪಾಯಿಗೆ ಮುಗಿಯಿತು. ಟ್ರೋಫಿಯೂ ನಮ್ಮ ಮನೆಗೇ ಬಂತು ಬಿಡಿ.

*

ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಸುಮ್ನೆ ಟಿಕ್ ಹಾಕುತ್ತಾ ಹೋದರೆ ಹತ್ತೂ ಸರಿ ಬರಬಹುದಾ?
— ಒಂಬತ್ತನೇ ತರಗತಿ, ಊರು ಬರೆದಿಲ್ಲ

ಊರು ಯಾಕೆ ಬರೆದಿಲ್ಲ ಅಂತ ಅರ್ಥವಾಯಿತು. ಬರಬಹುದು ಮರಿ. 10,48,576ರಲ್ಲಿ ಒಂದು ಸಲ.

*

ನನಗೂ ನಮ್ಮ ಯಜಮಾನರಿಗೂ ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆಯ ವಾಹಕ ಗುಣ ಇದೆಯಂತೆ. ಮಕ್ಕಳಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತ ಡಾಕ್ಟರ್ ಹೇಳಿದ್ದರು. ಮೊದಲ ಮಗುವಿಗೆ ಬಂದಿದೆ. ಹಾಗಾದರೆ ಮುಂದಿನ ಮೂರು ಮಕ್ಕಳಿಗೆ ಬರುವುದಿಲ್ಲ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಲೆಕ್ಕ ಸರಿಯಾ?
— ಹೆಸರು, ಊರು ಬೇಡ ಎಂದಿದ್ದಾರೆ

ಸರಿಯಲ್ಲಮ್ಮ. ಇದನ್ನು ಬರೆಯೋಕೆ ನನಗೆ ಕಷ್ಟ, ಆದರೂ ಸ್ಪಷ್ಟವಾಗಿ ಹೇಳಬೇಕು.

‘ನಾಲ್ಕರಲ್ಲಿ ಒಂದು’ ಅಂದರೆ ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬರಿಗೆ ಹಂಚುವ ಲೆಕ್ಕ ಅಲ್ಲ. ನಿಮ್ಮಲ್ಲಿ ಒಂದು ಸರಿಯಾದ ಜೀನ್, ಒಂದು ದೋಷ ಇರುವ ಜೀನ್. ಯಜಮಾನರಲ್ಲೂ ಹಾಗೆಯೇ. ನಿಮ್ಮಿಂದ ದೋಷದ್ದು ಹೋಗುವುದು ಅರ್ಧ, ಅವರಿಂದ ಹೋಗುವುದು ಅರ್ಧ. ನಿಮ್ಮದು ಯಾವುದು ಹೋಯಿತು ಅನ್ನುವುದು ಅವರ ಕಡೆಗೆ ಮುಟ್ಟುವುದಿಲ್ಲ. ಹಾಗಾಗಿ ಎರಡೂ ಸೇರುವುದು ಅರ್ಧದ ಅರ್ಧ, ಕಾಲು. ಪ್ರತಿ ಬಸಿರಿನಲ್ಲೂ ಈ ಲೆಕ್ಕ ಮೊದಲಿನಿಂದ ಶುರು. ಮೊದಲ ಮಗುವಿಗೆ ಬಂದದ್ದಕ್ಕೆ ಎರಡನೆಯದಕ್ಕೆ ರಿಯಾಯಿತಿಯೂ ಇಲ್ಲ, ಹೆಚ್ಚಿನ ದಂಡವೂ ಇಲ್ಲ. ಎರಡನೇ ಮಗುವಿಗೆ ಈ ಕಾಯಿಲೆ ಬರದೇ ಇರುವ ಸಾಧ್ಯತೆ ಮುಕ್ಕಾಲು. ಇನ್ನೂ ಇಬ್ಬರು ಮಕ್ಕಳಾಗಿ ಇಬ್ಬರಿಗೂ ಬರದೇ ಇರುವುದು ಮುಕ್ಕಾಲಿನ ಮುಕ್ಕಾಲು, 9/16. ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ.

ಹಿರಿಯರು ಸಮಾಧಾನಕ್ಕೆ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ನಿರ್ಧಾರವನ್ನು ಆ ಮಾತಿನ ಮೇಲೆ ಮಾಡಬೇಡಿ. ಬಸಿರಿನ ಮೊದಲ ತಿಂಗಳುಗಳಲ್ಲೇ ಮಗುವಿಗೆ ಕಾಯಿಲೆ ಇದೆಯಾ ಅಂತ ತಿಳಿಯುವ ಪರೀಕ್ಷೆ ಇದೆ. ಬಸಿರಾಗುವ ಮೊದಲೇ ಇಬ್ಬರೂ ಹೋಗಿ ಅನುವಂಶೀಯ ಕಾಯಿಲೆಗಳ ಸಲಹೆ ಕೊಡುವ ವೈದ್ಯರನ್ನು ಕಾಣಿ. ನಾನು ಲೆಕ್ಕದ ಟೀಚರ್, ಇಷ್ಟೇ ಹೇಳಬಲ್ಲೆ.

*

ಸ್ವತಂತ್ರವೋ ಅಲ್ಲವೋ ನೋಡದೆ ಸುಮ್ಮನೆ ಗುಣಿಸಿದರೆ ಏನಾಗುತ್ತದೆ? ಪರೀಕ್ಷೆಯಲ್ಲಿ ಎರಡು ಅಂಕ ಹೋಗಬಹುದು, ಅಷ್ಟೇ ಅಲ್ಲವೇ?
— ಕಾನೂನು ವಿದ್ಯಾರ್ಥಿ, ಧಾರವಾಡ

ನೀವೇ ಕೇಳಿದ್ದೀರಿ, ಹಾಗಾಗಿ ನಿಮ್ಮ ಓದಿನ ಕಡೆಯದೇ ಒಂದು ಪ್ರಕರಣ. ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಅಂತ ಒಬ್ಬ ವಕೀಲೆ. ಅವರ ಇಬ್ಬರು ಗಂಡುಮಕ್ಕಳು, ಒಂದು 1996ರಲ್ಲಿ, ಒಂದು 1998ರಲ್ಲಿ, ಹಸುಗೂಸುಗಳಾಗಿರುವಾಗಲೇ ತೀರಿಕೊಂಡವು. ತಾಯಿಯೇ ಕೊಂದಳು ಅಂತ ಕೇಸಾಯಿತು. ಸಾಕ್ಷಿ ಹೇಳಿದ ಹೆಸರಾಂತ ಮಕ್ಕಳ ವೈದ್ಯರು, ಅವರಂಥವರ ಮನೆಯಲ್ಲಿ ಒಂದು ಕೂಸು ಕಾರಣವಿಲ್ಲದೆ ತೊಟ್ಟಿಲಲ್ಲೇ ಸಾಯುವುದು 8,543ರಲ್ಲಿ ಒಂದು, ಎರಡು ಕೂಸು ಸಾಯಬೇಕಾದರೆ ಅದನ್ನು ಅದರಿಂದಲೇ ಗುಣಿಸಬೇಕು, ಸುಮಾರು ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು ಅಂದರು. 1999ರಲ್ಲಿ ಆ ತಾಯಿಗೆ ಜೀವಾವಧಿ ಶಿಕ್ಷೆ ಆಯಿತು.

ನನ್ನ ಹಿಂದಿನ ಬೆಂಚಿನ ಹುಡುಗ ಆ ಕೋರ್ಟಿನಲ್ಲಿ ಇದ್ದಿದ್ದರೆ ಕೈ ಎತ್ತುತ್ತಿದ್ದ. ಒಂದೇ ಅಪ್ಪ ಅಮ್ಮ, ಒಂದೇ ರಕ್ತ, ಒಂದೇ ಮನೆ. ಮೊದಲ ಕೂಸಿಗೆ ಯಾವ ದೋಷ ಇತ್ತೋ ಅದು ಎರಡನೆಯದಕ್ಕೂ ಇರಬಹುದಲ್ಲವೇ? ಸುದ್ದಿ ಮುಟ್ಟುತ್ತದೆ. ನೇರವಾಗಿ ಗುಣಿಸುವ ಹಾಗೇ ಇರಲಿಲ್ಲ. 2001ರಲ್ಲಿ ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲ ಅಂತ ಬಹಿರಂಗವಾಗಿ ಹೇಳಿತು. ಇನ್ನೊಂದು ತಪ್ಪೂ ಇತ್ತು. ಹಾಗೆ ಆಗುವುದು ಅಪರೂಪ ಅಂದ ಮಾತ್ರಕ್ಕೆ ತಾಯಿ ಕೊಂದಳು ಅಂತ ಆಗುವುದಿಲ್ಲ. ತಾಯಿ ತನ್ನ ಎರಡು ಕೂಸುಗಳನ್ನು ಕೊಲ್ಲುವುದೂ ಅಪರೂಪವೇ. ಎರಡು ಅಪರೂಪಗಳನ್ನು ಅಕ್ಕಪಕ್ಕ ಇಟ್ಟು ತೂಗಬೇಕಿತ್ತು. ಕೋರ್ಟಿಗೆ ಕೊಡದೆ ಉಳಿದಿದ್ದ ವೈದ್ಯಕೀಯ ವರದಿಯೂ ಆಮೇಲೆ ಹೊರಬಂದು, 2003ರ ಜನವರಿಯಲ್ಲಿ ಅವರು ಬಿಡುಗಡೆಯಾದರು. 2007ರಲ್ಲಿ ತೀರಿಕೊಂಡರು. ಎರಡು ಅಂಕ ಅಂದಿರಲ್ಲ, ಅದಕ್ಕೆ ಇಷ್ಟು ಬರೆದೆ.

*

ನಾನು ಚಿಕ್ಕಂದಿನಿಂದ ಚೌಕಾಬಾರ ಆಡಿದವಳು. ನಮ್ಮ ಕವಡೆಯಲ್ಲಿ ಬಾರ ಬಿದ್ದಷ್ಟು ಸಲೀಸಾಗಿ ಚೌಕ ಬೀಳುವುದಿಲ್ಲ. ಇಂಜಿನಿಯರಿಂಗ್ ಓದುವ ಮೊಮ್ಮಗಳು ‘ಎರಡೂ ಒಂದೇ ಅಜ್ಜಿ, ಹದಿನಾರರಲ್ಲಿ ಒಂದೊಂದು’ ಅಂತ ವಾದ ಮಾಡುತ್ತಾಳೆ. ಯಾರು ಸರಿ?
— ಗೃಹಿಣಿ, ಮಂಡ್ಯ

ನಿಮ್ಮ ಪತ್ರ ಓದಿ ಎದ್ದು ಹೋಗಿ ನಮ್ಮ ಕವಡೆ ಡಬ್ಬಿ ಹುಡುಕಿದೆ.

ಆಟ ಗೊತ್ತಿಲ್ಲದವರಿಗೆ: ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು.

ಮೊಮ್ಮಗಳ ಲೆಕ್ಕದಲ್ಲಿ ಗುಣಾಕಾರ ಸರಿಯಾಗಿದೆ. ಒಂದು ಕವಡೆಯ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ ಅಂತ ಧಾರಾಳವಾಗಿ ಹೇಳಬಹುದು, ಚೆನ್ನಾಗಿ ಕುಲುಕಿ ಹಾಕಿದರೆ. ಅವಳು ಎಡವಿದ್ದು ಅದಕ್ಕೂ ಮೊದಲು. ಕವಡೆಯನ್ನು ನಾಣ್ಯ ಅಂದುಕೊಂಡಳು. ಕವಡೆಯ ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಅದು ಅರ್ಧ ಅರ್ಧ ಬೀಳಬೇಕು ಅಂತ ಯಾರು ಹೇಳಿದರು?

ನಿಮ್ಮ ಕವಡೆ ಹತ್ತು ಸಲಕ್ಕೆ ನಾಲ್ಕು ಸಲ ಬಾಯಿ ಮೇಲೆ, ಆರು ಸಲ ಬೋರಲು ಬೀಳುತ್ತದೆ ಅಂತ ಸುಮ್ನೆ ಇಟ್ಟುಕೊಳ್ಳಿ. ಒಂದೇ ಕವಡೆ ನೋಡಿದರೆ ನಾಲ್ಕಕ್ಕೂ ಆರಕ್ಕೂ ಅಂಥ ದೊಡ್ಡ ವ್ಯತ್ಯಾಸ ಕಾಣಲ್ಲ. ಈಗ ನಾಲ್ಕು ಕವಡೆಗೆ ಗುಣಿಸಿ. ಚೌಕ ಬೀಳುವುದು 0.4ನ್ನು ನಾಲ್ಕು ಸಲ ಗುಣಿಸಿ 0.0256. ಬಾರ ಬೀಳುವುದು 0.6ನ್ನು ನಾಲ್ಕು ಸಲ ಗುಣಿಸಿ 0.1296. ಅಂದರೆ ಹತ್ತು ಸಾವಿರ ಸಲ ಹಾಕಿದರೆ ಚೌಕ 256 ಸಲ, ಬಾರ 1,296 ಸಲ. ಐದು ಪಟ್ಟು! ಒಂದು ಕವಡೆಯ ಸಣ್ಣ ಓರೆಯನ್ನು ಗುಣಾಕಾರ ಹೇಗೆ ಹಿಗ್ಗಿಸುತ್ತದೆ ನೋಡಿ. ಜೀವಮಾನವಿಡೀ ಆಡಿದ ನಿಮ್ಮ ಕೈಗೆ ಅದು ಗೊತ್ತಾಗದೆ ಇರುತ್ತದಾ?

ಆದರೆ 0.4 ಅನ್ನುವುದು ನಾನು ಇಟ್ಟುಕೊಂಡ ಸಂಖ್ಯೆ, ನಿಮ್ಮ ಕವಡೆಯದ್ದಲ್ಲ. ಅದನ್ನು ಎಣಿಸಿಯೇ ನೋಡಬೇಕು. ಒಂದು ಮಧ್ಯಾಹ್ನ ಊಟ ಆದಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೇ ಕವಡೆಯನ್ನು ಇನ್ನೂರು ಸಲ ಹಾಕಿ, ಅವಳು ಗೀಟು ಹಾಕಲಿ. ಆಮೇಲೆ ನಾಲ್ಕನ್ನೂ ಸೇರಿಸಿ ಇನ್ನೂರು ಸಲ. ಮೊದಲ ಇನ್ನೂರರಿಂದ ಗುಣಿಸಿ ಬಂದ ಲೆಕ್ಕ, ಎರಡನೇ ಇನ್ನೂರರಲ್ಲಿ ಕಂಡ ಲೆಕ್ಕ, ಎರಡೂ ಎಷ್ಟು ಹತ್ತಿರ ಬಂದವು ಅಂತ ನೋಡಿ. ಮನೆಯಲ್ಲಿ ಹುಣಸೆ ಬೀಜ ಇದ್ದರೆ ಒಂದು ಕಡೆ ತೇಯ್ದು ಅದರಲ್ಲೂ ಮಾಡಿ, ಅದರ ಓರೆ ಬೇರೆಯೇ ಇರುತ್ತದೆ.

ಗೀಟು ಹಾಕಿದ ಹಾಳೆಯನ್ನು ನನಗೆ ಕಳಿಸಿ. ನಾನೂ ನಮ್ಮ ಕವಡೆ ಎಣಿಸೋಕೆ ಶುರು ಮಾಡಿದ್ದೇನೆ. ನಲವತ್ತಕ್ಕೆ ಬಂದಾಗ ಹಾಲು ಉಕ್ಕಿತು, ಮೊದಲಿನಿಂದ ಹಾಕಬೇಕು.